ಗುರುಪಾದ ಕಂಪ್ಯೂಟರಿಗೆ ಗಾಳಿ ಹಾಕಿದ್ದು

ಸ್ವಲ್ಪ ಹತ್ತಿರ ಸರಿದು ಕೂಡ್ರಿ. ಇದು ಮಗ್ಗದ ಸಪ್ಪಳದ ಮೇಲೆ ಕೂಗಿ ಹೇಳುವ ಕತೆಯಲ್ಲ, ಮಗ್ಗ ನಿಂತ ಮೇಲೆ ಮೆತ್ತಗೆ ಹೇಳುವ ಕತೆ.

ಬನಹಟ್ಟಿಯ ಒಂದು ಓಣಿಯಲ್ಲಿ ದಾನವ್ವ ಅಂತ ಒಬ್ಬಾಕೆ ಇದ್ದಳು. ಅವಳಿಗೆ ಗುರುಪಾದ ಅಂತ ಒಬ್ಬನೇ ಮಗ. ವಯಸ್ಸು ಮೂವತ್ತು ದಾಟಿತ್ತು, ಮೀಸೆ ದಪ್ಪಗಿತ್ತು, ಮೈಯಲ್ಲಿ ಎತ್ತಿನ ಕಸುವಿತ್ತು. ಸುಳ್ಳು ಗೊತ್ತಿಲ್ಲ, ಸಿಟ್ಟು ಗೊತ್ತಿಲ್ಲ, ಹೇಳಿದ ಕೆಲಸಕ್ಕೆ ಒಲ್ಲೆ ಅನ್ನುವುದು ಗೊತ್ತಿಲ್ಲ. ಅವನ ತಾಪತ್ರಯ ಒಂದೇ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಹಾಲಿನ ಕಡೆ ನೋಡುತ್ತಿರು ಅಂದರೆ ಹಾಲು ಉಕ್ಕಿ, ಹರಿದು, ಒಲೆ ಆರುವ ತನಕ ನೋಡುತ್ತಿದ್ದ. ಆಮೇಲೆ ಅವ್ವನ ಹತ್ತಿರ ಹೋಗಿ, ಕಣ್ಣು ಮಿಟುಕಿಸದೆ ನೋಡಿದೆ ಅಂತ ವರದಿ ಒಪ್ಪಿಸುತ್ತಿದ್ದ. ದಾನವ್ವ ಹಣೆ ಹಣೆ ಬಡಿದುಕೊಂಡು ಹಣೆಯ ಮೇಲಿನ ವಿಭೂತಿಯೇ ಅಳಿಸಿಹೋಗಿತ್ತು ಅಂತ ಓಣಿಯವರು ನಗುತ್ತಿದ್ದರು.

ದಾನವ್ವನ ಕೆಲಸ ಸೀರೆಗೆ ನಮೂನೆ ಬರೆಯುವುದು. ಅಂಚಿನ ದಡಿಗೆ ಬಳ್ಳಿ, ಸೆರಗಿಗೆ ಹೂವು, ಒಡಲಿಗೆ ಚುಕ್ಕಿ. ಗಂಡ ಇದ್ದಾಗ ಚೌಕಳಿ ಹಾಳೆಯ ಮೇಲೆ ಪೆನ್ಸಿಲ್ಲಿನಿಂದ ಒಂದೊಂದೇ ಮನೆ ತುಂಬಿ ಬರೆಯುತ್ತಿದ್ದಳು. ಗಂಡ ತೀರಿಕೊಂಡ. ಮಗ್ಗಗಳೂ ಬದಲಾದವು. ನಮೂನೆಯೆಲ್ಲ ಕಂಪ್ಯೂಟರಿನಲ್ಲೇ ಬೇಕು ಅಂದರು ಮಗ್ಗದ ಮಾಲಕರು. ಆಗ ದಾನವ್ವ ನಲವತ್ತೇಳನೆಯ ವಯಸ್ಸಿನಲ್ಲಿ ಮೌಸು ಹಿಡಿಯುವುದನ್ನು ಕಲಿತಳು. ಮೊದಲ ತಿಂಗಳು ಬೆರಳು ನಡುಗಿದವು, ಎರಡನೆಯ ತಿಂಗಳು ಬಳ್ಳಿ ಬಂತು, ಮೂರನೆಯ ತಿಂಗಳು ಹೂವು ಅರಳಿತು. ಅವಳ ಕಂಪ್ಯೂಟರು ಪಡಸಾಲೆಯ ಪಕ್ಕದ ಕೋಣೆಯಲ್ಲಿತ್ತು. ಆಚೆಗಿನ ಗೋಡೆಗೆ ಅಂಟಿಕೊಂಡು ಪಕ್ಕದ ಮನೆಯವರ ಮಗ್ಗ. ಹತ್ತಿಯ ಧೂಳು ಕಿಟಕಿಯಿಂದ ಬಂದು ತಲೆಯ ಮೇಲೆ, ತಟ್ಟೆಯ ಮೇಲೆ, ಕಂಪ್ಯೂಟರಿನ ಮೇಲೆ ಬೀಳುತ್ತಲೇ ಇರುತ್ತಿತ್ತು.

ಒಂದು ಬೇಸಿಗೆ ಮಲ್ಲೇಶಪ್ಪ ಬಾಡಗಿ ಎಂಬ ಸೀರೆ ಸಾವಕಾರ ದಾನವ್ವನಿಗೆ ಒಂದು ಕೆಲಸ ಕೊಟ್ಟ. ಅವನದು ಹದಿನಾರು ಮಗ್ಗ. ನಾಗರ ಪಂಚಮಿಗೆ ತವರಿಗೆ ಬರುವ ಹೆಣ್ಣುಮಕ್ಕಳಿಗೆ ಹೊಸ ದಡಿಯ ಸೀರೆ ನೇಯಿಸಬೇಕು ಅಂತ ಅವನ ಮನಸ್ಸು. ಎಲ್ಲೋ ನೋಡಿದ ಒಂದು ದಡಿಯ ಫೋಟೋ ಮೊಬೈಲಿನಲ್ಲಿ ತೋರಿಸಿ, ಇಂಥದ್ದೇ ಬೇಕು ಅಂದ. ಕಾರ ಹುಣ್ಣಿಮೆಯೊಳಗೆ ಕೈಗೆ ಬರದಿದ್ದರೆ ಇಚಲಕರಂಜಿಯಿಂದ ತರಿಸುತ್ತೇನೆ, ಒಮ್ಮೆ ಅಲ್ಲಿಗೆ ಹೋದರೆ ಆಮೇಲೆ ಅಲ್ಲಿಂದಲೇ ತರಿಸುತ್ತೇನೆ ಅಂತಲೂ ಹೇಳಿ ಹೋದ. ದಾನವ್ವ ಹೂಂ ಅಂದಳು. ಅವಳ ಬರವಣಿಗೆಯಲ್ಲಿ ಅರ್ಧ ಬಾಡಗಿಯ ಮಗ್ಗಗಳಿಗೇ ಹೋಗುತ್ತಿತ್ತು.

ಆದರೆ ಕಂಪ್ಯೂಟರಿಗೆ ಏನೋ ಆಯಿತು. ಬೆಳಿಗ್ಗೆ ಚೆನ್ನಾಗಿ ನಡೆಯುವುದು, ಬಿಸಿಲು ಏರಿದ ಕೂಡಲೇ ಗಪ್ ಅಂತ ಬಂದ್ ಆಗುವುದು. ಅರ್ಧ ಬರೆದ ದಡಿ ಅಲ್ಲಿಗೇ ಹೋಗುವುದು. ದಾನವ್ವ ಮತ್ತೆ ಬರೆದಳು, ಮತ್ತೆ ಹೋಯಿತು. ಕೊನೆಗೆ ಜಮಖಂಡಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಮೆಹಬೂಬ ಅತ್ತಾರನಿಗೆ ಫೋನು ಹಚ್ಚಿದಳು. ಅವನು ಡಬ್ಬಿಯ ಮಗ್ಗುಲಿನ ಮುಚ್ಚಳ ಬಿಚ್ಚಿ ನೋಡಲು ಹೇಳಿದ. ಬಿಚ್ಚಿ ನೋಡಿದರೆ ಒಳಗಿನ ಸಣ್ಣ ಫ್ಯಾನಿನ ರೆಕ್ಕೆಗಳಿಗೆ ಹತ್ತಿಯ ಧೂಳು ಸುತ್ತಿಕೊಂಡು, ಒಂದು ರೆಕ್ಕೆ ಮುರಿದು, ಫ್ಯಾನು ಸಿಕ್ಕಿಕೊಂಡು ನಿಂತಿತ್ತು. ಗಾಳಿ ಇಲ್ಲದ್ದಕ್ಕೆ ಕಂಪ್ಯೂಟರ್ ಕಾಯ್ದು ತಾನೇ ಬಂದ್ ಆಗುತ್ತದೆ, ಬೇರೆ ಫ್ಯಾನು ಹಾಕಬೇಕು, ಫ್ಯಾನುಗಳಲ್ಲಿ ಸಣ್ಣವು ದೊಡ್ಡವು ಇರುತ್ತವೆ, ಅಳತೆ ಕಳಿಸು ಅಂದ ಅತ್ತಾರ.

ದಾನವ್ವ ಎರಡು ಅಂಗೈ ಎದುರುಬದುರು ಹಿಡಿದು ಫ್ಯಾನಿನ ಅಗಲ ತೋರಿಸಿದಳು. ಗುರುಪಾದನ ಕೈಗಳನ್ನೂ ಅಷ್ಟೇ ಅಗಲಕ್ಕೆ ನಿಲ್ಲಿಸಿದಳು. ಗೇಣಿಗೆ ಮೂರು ಬೆರಳು ಕಡಿಮೆ.

"ಈ ಅಳತಿ ಬಿಡಬ್ಯಾಡ," ಅಂದಳು. "ಅತ್ತಾರಗ ತೋರಿಸಿ ತಗೊಂಡು ಬಾ."

ಗುರುಪಾದ ಅಳತೆ ಬಿಡಲಿಲ್ಲ. ಎರಡು ಕೈ ಮುಂದೆ ಹಿಡಿದುಕೊಂಡೇ ಮನೆ ಬಿಟ್ಟ, ಹಿಡಿದುಕೊಂಡೇ ಬಸ್ಸು ಹತ್ತಿದ. ಟಿಕೆಟ್ಟಿನ ದುಡ್ಡನ್ನು ಅಂಗಿಯ ಕಿಸೆಯಿಂದ ನೀವೇ ತೆಗೆದುಕೊಳ್ಳಿರಿ ಅಂತ ಕಂಡಕ್ಟರಿಗೆ ಹೇಳಿದ. ಬೆನ್ನು ತುರಿಸಿದರೂ ತುರಿಸಿಕೊಳ್ಳಲಿಲ್ಲ, ಮೂಗಿನ ಮೇಲೆ ನೊಣ ಕೂತರೂ ಓಡಿಸಲಿಲ್ಲ. ಆದರೆ ಆ ರಸ್ತೆ ನಿಮಗೆ ಗೊತ್ತಲ್ಲ. ಒಂದು ತಗ್ಗಿಗೆ ಬಸ್ಸು ಎತ್ತಿ ಹಾಕಿತು, ಕೈ ಎರಡು ಬೆರಳು ಅಗಲವಾದವು. ಇನ್ನೊಂದು ತಗ್ಗು, ಇನ್ನೆರಡು ಬೆರಳು. ನಡುವೆ ಒಬ್ಬ ಮುದುಕಿ ತನ್ನ ಬುಟ್ಟಿಯನ್ನು ಆ ಕೈಗಳ ನಡುವೆಯೇ ಇಟ್ಟು ಪುಣ್ಯ ಬರಲಪ್ಪಾ ಅಂದಳು. ಜಮಖಂಡಿ ಮುಟ್ಟುವ ಹೊತ್ತಿಗೆ ಗುರುಪಾದನ ಕೈ ಬುಟ್ಟಿಯ ಅಗಲಕ್ಕೆ ನಿಂತಿದ್ದವು.

ಅತ್ತಾರ ಆ ಕೈ ನೋಡಿದ. ಇಷ್ಟು ದೊಡ್ಡ ಫ್ಯಾನು ನನ್ನ ಅಂಗಡಿಯಲ್ಲಿ ಇಲ್ಲ, ಬೇಕಾದರೆ ಎದುರಿನ ಕರೆಂಟಿನ ಸಾಮಾನಿನ ಅಂಗಡಿಯಲ್ಲಿ ವಿಚಾರಿಸು ಅಂದ. ಅವನಿಗೆ ಇವನು ಯಾರು, ಯಾರ ಮಗ ಅನ್ನುವುದು ಆಗಿನ್ನೂ ತಿಳಿದಿರಲಿಲ್ಲ. ಎದುರಿನವರು ಕೈಗಳ ಅಳತೆಗೆ ಸರಿಯಾಗಿ ಒಂದು ಟೇಬಲ್ ಫ್ಯಾನು ಕೊಟ್ಟರು.

ದಾನವ್ವ ಟೇಬಲ್ ಫ್ಯಾನನ್ನೂ ನೋಡಿದಳು, ಕಂಪ್ಯೂಟರಿನ ಡಬ್ಬಿಯನ್ನೂ ನೋಡಿದಳು. ಡಬ್ಬಿಯನ್ನೇ ಫ್ಯಾನಿನ ಒಳಗೆ ಇಡಬಹುದಿತ್ತು. ಬೈದಳು, ಬೈದು ಸುಸ್ತಾದಳು. ಕೈಯಳತೆ ನಂಬಬಾರದು, ಹಳೆಯದನ್ನೇ ಬಿಚ್ಚಿಕೊಂಡು ಹೋಗಬೇಕು, ಅದನ್ನು ಅಂಗಡಿಯವನ ಮುಂದೆ ಇಟ್ಟು ಥೇಟ್ ಇಂಥದ್ದೇ ಕೊಡು ಅನ್ನಬೇಕು ಅಂತ ತಿಳಿಸಿದಳು. ಗುರುಪಾದ ತಲೆಯಾಡಿಸಿದ. ಥೇಟ್ ಇಂಥದ್ದೇ.

ಮರುದಿನ ಹಳೆಯ ಫ್ಯಾನನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದ. ಅತ್ತಾರ ನೋಡಿದ ಕೂಡಲೇ ಅಳತೆ ತಿಳಿದು ಹೊಸದೊಂದು ತೆಗೆದಿಟ್ಟ. ಗುರುಪಾದ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ. ಇದು ಮಿರಿಮಿರಿ ಅನ್ನುತ್ತದೆ, ಅದು ಅನ್ನುವುದಿಲ್ಲ. ಇದಕ್ಕೆ ಎಲ್ಲ ರೆಕ್ಕೆ ಇವೆ, ಅದಕ್ಕೆ ಒಂದು ಮುರಿದಿದೆ. ಊದಿದರೆ ಇದು ತಿರುಗುತ್ತದೆ, ಅದು ತಿರುಗುವುದಿಲ್ಲ. ಇದು ಬೇಡ ಅಂದ. ಅತ್ತಾರ ಇನ್ನೊಂದು ತೆಗೆದ, ಅದೂ ಬೇಡ ಅಂದ. ಇನ್ನೊಂದು, ಅದೂ ಬೇಡ. ಗಿರಾಕಿಗಳು ನಿಂತುಕೊಂಡರು. ಅತ್ತಾರ ಬೆವರು ಒರೆಸಿಕೊಂಡು, ಹಾಗಾದರೆ ಎಂಥದ್ದು ಬೇಕು ತಮ್ಮಾ ಅಂತ ಕೇಳಿದ.

"ಥೇಟ್ ಇಂಥಾದ್ದ," ಅಂದ ಗುರುಪಾದ.

ಕೆಟ್ಟು ಮುರಿದ ಮೋಡಕಾ ಸಾಮಾನಿನ ಒಂದು ಬುಟ್ಟಿ ಅಂಗಡಿಯ ಮೂಲೆಯಲ್ಲಿತ್ತು. ಗುರುಪಾದ ತಾನೇ ಹೋಗಿ ಅದರಲ್ಲಿ ಕೈ ಹಾಕಿ ಹುಡುಕಿದ. ತಳದಲ್ಲಿ ಒಂದು ಸಿಕ್ಕಿತು. ಅಷ್ಟೇ ಅಗಲ, ಅಷ್ಟೇ ಧೂಳು, ಒಂದು ರೆಕ್ಕೆ ಮುರಿದದ್ದು, ತಿರುಗದೇ ಇದ್ದದ್ದು. ಅವನ ಮುಖ ಅರಳಿತು. ಅತ್ತಾರ ಅದನ್ನು ಸುಮ್ಮನೇ ಕೊಟ್ಟುಬಿಟ್ಟ.

ದಾನವ್ವ ಕರವಸ್ತ್ರ ಬಿಚ್ಚಿದಾಗ ಒಂದು ಸತ್ತ ಫ್ಯಾನಿನ ಜಾಗದಲ್ಲಿ ಎರಡು ಸತ್ತ ಫ್ಯಾನು ಇದ್ದವು. ಯಾವುದು ತಂದದ್ದು ಯಾವುದು ಒಯ್ದದ್ದು ಅಂತ ಅವಳಿಗೂ ಗೊತ್ತಾಗಲಿಲ್ಲ. ಅವತ್ತು ಅವಳು ಬೈಯಲಿಲ್ಲ. ಕಾರ ಹುಣ್ಣಿಮೆಗೆ ಹನ್ನೆರಡೇ ದಿನ ಉಳಿದಿತ್ತು. ಗೋಡೆಗೆ ಒರಗಿ ಕೂತು, ನಿನ್ನನ್ನು ನನ್ನ ಹಿಂದೆ ಯಾರ ಕೈಗೆ ಒಪ್ಪಿಸಲೋ ಅಂದಳು. ಗುರುಪಾದನಿಗೆ ಅವ್ವನ ದನಿ ಸಣ್ಣದಾದದ್ದು ತಿಳಿಯಿತು. ಅವನು ಹೋಗಿ ನೀರು ತಂದುಕೊಟ್ಟ. ನೀರು ಕುಡಿದು ದಾನವ್ವ ಇನ್ನೊಮ್ಮೆ ತಿಳಿಸಿ ಹೇಳಿದಳು. ತಿರುಗುವ ಫ್ಯಾನು ತರಬೇಕು. ಬರಿ ತಂದರೆ ಆಗಲಿಲ್ಲ, ಮನೆ ಮುಟ್ಟುವ ತನಕ ತಿರುಗುತ್ತದೋ ಇಲ್ಲವೋ ನೋಡಿಕೊಂಡು ಬರಬೇಕು.

ಈ ಸಲ ಅತ್ತಾರ ಮೊದಲೇ ಫೋನಿನಲ್ಲಿ ಎಲ್ಲ ಕೇಳಿಕೊಂಡಿದ್ದ. ಗುರುಪಾದ ಬಾಯಿ ತೆರೆಯುವ ಮೊದಲೇ ಎರಡು ಹೊಸ ಫ್ಯಾನು ಚೀಲದಲ್ಲಿ ಹಾಕಿ, ಡಬ್ಬಿಯ ಮುಂದಕ್ಕೊಂದು ಹಿಂದಕ್ಕೊಂದು, ರವಿವಾರ ನಾನೇ ಬಂದು ಕೂಡಿಸುತ್ತೇನೆ ಅಂತ ಹೇಳಿ ಕಳಿಸಿದ. ಗುರುಪಾದ ಬಸ್ಸಿನ ಕಿಟಕಿಯ ಪಕ್ಕ ಕೂತ. ಚೀಲದಿಂದ ಫ್ಯಾನು ತೆಗೆದು ಕೈಗೊಂದರಂತೆ ಕಿಟಕಿಯ ಹೊರಗೆ ಹಿಡಿದ. ಬಸ್ಸು ಓಡಿತು, ಫ್ಯಾನು ತಿರುಗಿದವು. ಅವನಿಗೆ ಸಮಾಧಾನವಾಯಿತು. ಬಸ್ಸು ನಿಂತಾಗೆಲ್ಲ ಫ್ಯಾನೂ ನಿಲ್ಲುತ್ತಿದ್ದವು. ಆಗೆಲ್ಲ ಅವನು ಡ್ರೈವರನ ಕಡೆ ತಿರುಗಿ, ನಿಲ್ಲಿಸಬೇಡಿರಿ, ಅವ್ವ ಬೈಯುತ್ತಾಳೆ ಅನ್ನುತ್ತಿದ್ದ. ಬನಹಟ್ಟಿಯಲ್ಲಿ ಇಳಿದ ಮೇಲೆ ಬಸ್ಸಿಲ್ಲವಲ್ಲ. ಎರಡೂ ಕೈ ಚಾಚಿಕೊಂಡು ಓಡಿದ. ಪೇಟೆ ದಾಟಿ, ಬಣ್ಣದ ಅಂಗಡಿ ದಾಟಿ, ಓಣಿಯಲ್ಲಿ ಓಡಿ ಬಂದ. ನಾಯಿಗಳು ಹಿಂದೆ ಬಿದ್ದವು. ನಾಯಿಗಳಿಂದ ಅವನಿಗೆ ಅನುಕೂಲವೇ ಆಯಿತು, ಇನ್ನೂ ಜೋರಾಗಿ ಓಡಿದ, ಫ್ಯಾನು ಇನ್ನೂ ಜೋರಾಗಿ ತಿರುಗಿದವು. ಹೊಸ್ತಿಲಲ್ಲಿ ಬಂದು ಕುಸಿದು, ಒಂದು ಗಳಿಗೆಯೂ ನಿಂತಿಲ್ಲವ್ವಾ ಅಂದ. ದಾನವ್ವನಿಗೆ ನಗು ಬಂತು. ಏನೇ ಆಗಲಿ, ಫ್ಯಾನು ಸರಿಯಾದವೇ ಬಂದಿದ್ದವು. ಇನ್ನು ಮೇಲೆ ಓಡಬೇಡ ಹಾರಬೇಡ, ರವಿವಾರ ಅತ್ತಾರ ಬಂದು ಏನು ಹೇಳುತ್ತಾನೋ ಅದನ್ನು ಮನಸ್ಸಿಟ್ಟು ಕೇಳು, ಹಾಗೇ ನಡೆ ಅಂದಳು.

ರವಿವಾರ ಅತ್ತಾರ ಬಂದ. ಕುಂಚದಿಂದ ಧೂಳು ಝಾಡಿಸಿದ, ಮುಂದೊಂದು ಹಿಂದೊಂದು ಫ್ಯಾನು ಕೂಡಿಸಿದ. ಫ್ಯಾನಿನ ಅಂಚಿನ ಮೇಲೆ ಬಾಣದ ಗುರುತು ಇರುತ್ತದೆ, ಗಾಳಿ ಹೋಗುವ ದಿಕ್ಕು ಅದು. ಗುರುಪಾದನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಅದನ್ನು ತೋರಿಸಿದ.

"ಮುಂದಿಂದ ಒಳಗ ಬರಬೇಕು, ಹಿಂದಿಂದ ಹೊರಗ ಹೋಗಬೇಕು," ಅಂದ. "ನಡುವ ನಿಲ್ಲಾಕ ಬಿಡಬಾರದು. ನಿಂತರ ಬಿಸಿ ಆಗತೈತಿ."

ಗುರುಪಾದ ಮೂರು ಸಲ ಬಾಯಿಪಾಠ ಮಾಡಿದ. ಕಂಪ್ಯೂಟರು ಮಧ್ಯಾಹ್ನವೆಲ್ಲ ನಡೆಯಿತು, ಬಂದ್ ಆಗಲಿಲ್ಲ. ದಾನವ್ವನ ದಡಿ ಮುಂದೆ ಸಾಗಿತು.

ಮಂಗಳವಾರ ದಾನವ್ವ ಕೋಣೆಯಲ್ಲಿ ಬರೆಯುತ್ತ ಕೂತಿದ್ದಳು. ಕೆಲಸ ಎಲ್ಲಿಗೆ ಬಂತು ನೋಡೋಣ ಅಂತ ಬಾಡಗಿ ಸಾವಕಾರ ಬಂದ. ಬಿಳಿ ಧೋತರ, ಬಿಳಿ ಟೊಪ್ಪಿಗೆ. ಮುಂದಿನ ಬಾಗಿಲಲ್ಲಿ ಗುರುಪಾದ ನಿಂತಿದ್ದ. ಬರ್ರಿ ಅಂತ ಕೈ ಹಿಡಿದು ಒಳಗೆ ಕರೆದುಕೊಂಡ. ಪಡಸಾಲೆ ದಾಟಿಸಿದ, ಅಡಿಗೆಮನೆ ದಾಟಿಸಿದ, ಹಿತ್ತಲ ಬಾಗಿಲು ತೆರೆದು ಹೊರಗೆ ಬಿಟ್ಟು ಬಾಗಿಲು ಹಾಕಿದ. ಸಾವಕಾರ ನೋಡುತ್ತಾನೆ, ಎದುರಿಗೆ ಎಮ್ಮೆ ನಿಂತಿದೆ.

ಏನೋ ತಪ್ಪಾಗಿರಬೇಕು ಅಂದುಕೊಂಡು ಬಾಡಗಿ ಓಣಿ ಸುತ್ತು ಹಾಕಿ ಮತ್ತೆ ಮುಂದಿನ ಬಾಗಿಲಿಗೆ ಬಂದ. ಗುರುಪಾದ ಅದೇ ನಗುಮುಖದಿಂದ ಬರ್ರಿ ಅಂದ. ಪಡಸಾಲೆ, ಅಡಿಗೆಮನೆ, ಹಿತ್ತಲು, ಎಮ್ಮೆ. ಪಡಸಾಲೆಯಲ್ಲಿ ಸಾವಕಾರ ಒಂದು ಕ್ಷಣ ನಿಲ್ಲಲು ನೋಡಿದ. ಇಲ್ಲಿ ನಿಲ್ಲಬೇಡಿರಿ, ನಿಂತರೆ ಬಿಸಿ ಆಗುತ್ತೀರಿ ಅಂತ ಗುರುಪಾದ ಬೆನ್ನಿಗೆ ಕೈ ಹಚ್ಚಿ ಮೆತ್ತಗೆ ನೂಕಿದ. ಸಾವಕಾರ ಮೂರನೆಯ ಸಲ ಬರಲಿಲ್ಲ. ಧೋತರಕ್ಕೆ ಹತ್ತಿದ ಸಗಣಿ ಝಾಡಿಸುತ್ತ ಮನೆಗೆ ಹೋದ.

ದಾನವ್ವ ಎರಡು ಸಲ ಹೆಜ್ಜೆ ಸಪ್ಪಳ ಕೇಳಿದ್ದಳು, ಯಾರು ಅಂದುಕೊಂಡು ಹೊರಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಗ ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿದ. ದಾನವ್ವ ಸೆರಗು ಹೊದ್ದುಕೊಂಡು ಬಾಡಗಿಯ ಮನೆಗೆ ನಡೆದಳು. ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಮಾತಾಡಿದಳು. ಮಗ ಹೇಗೆ ಅನ್ನುವುದು ಊರಿಗೇ ಗೊತ್ತು, ಅವನಲ್ಲಿ ಕೆಟ್ಟದ್ದಿಲ್ಲ, ತಪ್ಪು ಹೊಟ್ಟೆಗೆ ಹಾಕಿಕೊಳ್ಳಿರಿ ಅಂದಳು. ಬಾಡಗಿ ಕೊನೆಗೆ, ಶುಕ್ರವಾರ ಒಂದೇ ಸಲ ಬರುತ್ತೇನೆ, ದಡಿ ಮನಸ್ಸಿಗೆ ಬಂದರೆ ಸರಿ, ಇಲ್ಲದಿದ್ದರೆ ಇಲ್ಲ ಅಂದ.

ಮನೆಗೆ ಬಂದು ದಾನವ್ವ ಮಗನನ್ನು ಎದುರಿಗೆ ಕೂಡಿಸಿಕೊಂಡಳು. ಅದು ಗಾಳಿಯ ಮಾತು, ಮನುಷ್ಯರ ಮಾತಲ್ಲ ಅಂದಳು. ಮನೆಗೆ ಬಂದವರನ್ನು ಕೂಡಿಸಬೇಕು, ನೀರು ಕೊಡಬೇಕು, ಅವರಿಗೆ ಸೆಕೆ ಆಗದಂತೆ ನೋಡಬೇಕು. ಗುರುಪಾದ ಇದನ್ನೂ ಬಾಯಿಪಾಠ ಮಾಡಿದ.

ಗುರುವಾರ ಅತ್ತಾರ ಇನ್ನೊಮ್ಮೆ ಬಂದ. ಹೊಸ ಫ್ಯಾನು ಸದಾ ಗುಂಯ್ ಅನ್ನುತ್ತವೆ, ತಲೆ ನೋಯುತ್ತದೆ ಅಂತ ದಾನವ್ವ ಹೇಳಿದ್ದಳು. ಅವನು ಕಂಪ್ಯೂಟರಿನಲ್ಲೇ ಏನೋ ಹೊಂದಿಸಿದ. ಒಳಗೆ ಬಿಸಿ ಕಡಿಮೆ ಇದ್ದರೆ ಫ್ಯಾನು ಮೆಲ್ಲಗೆ, ಬಿಸಿ ಏರಿದರೆ ಜೋರು, ತೀರಾ ತಣ್ಣಗಿದ್ದರೆ ನಿಂತೇಬಿಡುವುದು. ಸುಮ್ಮಸುಮ್ಮನೆ ಜೋರಾಗಿ ಓಡಿಸಿದರೆ ಸಪ್ಪಳವೂ ಹೆಚ್ಚು, ಧೂಳೂ ಹೆಚ್ಚು. ನಿಂತೇಬಿಡುವ ಸಂಗತಿ ಹೇಳುವಾಗ ಗುರುಪಾದ ಅತ್ತಾರನಿಗೆ ಚಹಾ ತರಲು ಒಳಗೆ ಹೋಗಿದ್ದ. ಕಪ್ಪು ಬಸಿ ಹಿಡಿದು ಬರುವಾಗ ಅವನ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ. ಬಿಸಿ ಏರಿದಂಗ ಗಾಳಿ ಏರಬೇಕು.

ಶುಕ್ರವಾರ ಬಾಡಗಿ ಬಂದ. ಗುರುಪಾದ ಕಂಪ್ಯೂಟರಿನ ಕೋಣೆಯಲ್ಲಿ ಕುರ್ಚಿ ಹಾಕಿ ಕೂಡಿಸಿದ, ನೀರು ಕೊಟ್ಟ, ಮೇಲಿನ ಫ್ಯಾನನ್ನು ಒಂದಕ್ಕೆ ಇಟ್ಟ. ದಾನವ್ವನ ಜೀವಕ್ಕೆ ತಂಪಾಯಿತು. ಅವಳು ಬರೆದ ದಡಿಯನ್ನು ಕಂಪ್ಯೂಟರಿನಲ್ಲಿ ತೋರಿಸಿದಳು. ಹಳೆಯ ಹಾಳೆಗಳನ್ನೂ ಕಟ್ಟು ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದಳು, ಹೋಲಿಸಿ ನೋಡಲಿಕ್ಕೆ.

ಬಾಡಗಿಗೆ ದಡಿ ಮನಸ್ಸಿಗೆ ಬರಲಿಲ್ಲ. ಫೋಟೋದಲ್ಲಿ ಇದ್ದ ಹಾಗೆ ಇಲ್ಲ ಅಂದ. ಇದ್ದ ಹಾಗೇ ಬರೆದಿದ್ದೇನೆ ಅಂದಳು ದಾನವ್ವ. ಬಾಡಗಿಯ ದನಿ ಏರಿತು. ಗುರುಪಾದ ನೋಡಿದ, ಸಾವಕಾರ ಬಿಸಿಯಾಗುತ್ತಿದ್ದಾನೆ. ಫ್ಯಾನನ್ನು ಎರಡಕ್ಕೆ ಏರಿಸಿದ. ಹಾಳೆಗಳ ಅಂಚು ಅಲುಗಾಡಿದವು. ಇಷ್ಟು ದಿನ ಕಾಯಿಸಿ ಇದನ್ನು ಕೊಡುತ್ತೀಯಾ ಅಂದ ಬಾಡಗಿ. ಗುರುಪಾದ ಮೂರಕ್ಕೆ ಏರಿಸಿದ. ಹಾಳೆಗಳು ಎದ್ದವು. ಬಾಡಗಿಯ ಮುಖ ಕೆಂಪಾಯಿತು. ಗುರುಪಾದ ಐದಕ್ಕೆ ತಿರುವಿ, ಒಳಗೆ ಓಡಿ ಆ ಟೇಬಲ್ ಫ್ಯಾನನ್ನೂ ತಂದು ಸಾವಕಾರನ ಮುಖಕ್ಕೆ ನೇರ ಹಚ್ಚಿದ. ಟೊಪ್ಪಿಗೆ ಹಾರಿತು. ಇಪ್ಪತ್ತು ವರ್ಷದ ನಮೂನೆಗಳು ಕೋಣೆಯ ತುಂಬ ಹಕ್ಕಿಯ ಹಿಂಡಿನ ಹಾಗೆ ಸುತ್ತಿದವು. ದಾನವ್ವ ಒಂದು ಹಿಡಿದರೆ ಒಂದು ಹಾರುತ್ತಿತ್ತು. ಬಂದ್ ಮಾಡೋ ಅಂದರೆ, ಇನ್ನೂ ಬಿಸಿ ಇದ್ದಾರವ್ವಾ ಅನ್ನುತ್ತಿದ್ದ ಗುರುಪಾದ.

ಆಗ ಒಂದು ಹಳದಿ ಬಣ್ಣಕ್ಕೆ ತಿರುಗಿದ ಹಾಳೆ ಬಂದು ಬಾಡಗಿಯ ಎದೆಗೆ ಅಪ್ಪಳಿಸಿ ಅಂಟಿಕೊಂಡಿತು. ಕಿತ್ತು ಬಿಸಾಕಲು ಕೈಗೆ ತೆಗೆದುಕೊಂಡ. ಬಿಸಾಕಲಿಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ. ಸಣ್ಣ ಸಣ್ಣ ಹುಣಸೆ ಹೂವು, ಒಂದರ ಬೆನ್ನಿಗೆ ಒಂದು, ನಡುವೆ ಎಲೆಯ ಸಾಲು. ಪೆನ್ಸಿಲ್ಲಿನದು.

"ಇದ ಯಾವುದು, ದಾನವ್ವ?"

ದಾನವ್ವ ಹತ್ತಿರ ಬಂದು ನೋಡಿದಳು. ಗಂಡ ತೀರಿಕೊಂಡ ವರ್ಷ ಬರೆದದ್ದು ಅದು. ಯಾರೂ ಕೇಳಿರಲಿಲ್ಲ, ಯಾರಿಗೂ ತೋರಿಸಿರಲಿಲ್ಲ. ಅವರು ಜಡ್ಡು ಬಿದ್ದು ಮಲಗಿದ್ದ ಕೋಣೆಯ ಕಿಟಕಿಯಿಂದ ಒಂದು ಹುಣಸೆ ಮರ ಕಾಣುತ್ತಿತ್ತು, ಅವರ ಕಾಲ ಬಳಿ ಕೂತು ಕೂತು ಬರೆದೆ ಅಂದಳು.

"ಎಲ್ಲೂ ನೋಡಿಲ್ಲ ಇಂಥಾ ದಡಿ," ಅಂದ ಬಾಡಗಿ. "ಆ ಫೋಟೋ ಬಿಡು. ನನ್ನ ಮಗ್ಗಕ್ಕ ಇದ ಬರಲಿ."

ಸಾವಕಾರನ ಮುಖ ತಣ್ಣಗಾದದ್ದು ಕಂಡು ಗುರುಪಾದ ಒಂದೊಂದೇ ಇಳಿಸುತ್ತ ಫ್ಯಾನನ್ನು ಮತ್ತೆ ಒಂದಕ್ಕೆ ತಂದ. ಟೊಪ್ಪಿಗೆಯನ್ನು ಹುಡುಕಿ, ಧೂಳು ಝಾಡಿಸಿ ಕೊಟ್ಟ. ಅವತ್ತು ಬೈಯಬೇಕೋ ಬೇಡವೋ ದಾನವ್ವನಿಗೆ ತಿಳಿಯಲಿಲ್ಲ. ಬೈಯದಿದ್ದರೆ ಹೊಸ ಬುದ್ಧಿವಾದ ಹೇಳುವ ಹಾಗಿಲ್ಲ, ಹೇಳದಿದ್ದರೆ ಮಗ ಕಾಯುತ್ತ ನಿಂತಿರುತ್ತಾನೆ. ಕೊನೆಗೆ, ಜನರ ಬಿಸಿ ಜನರೇ ಆರಿಸಿಕೊಳ್ಳುತ್ತಾರೆ, ನೀನು ಕಂಪ್ಯೂಟರಿನ ಬಿಸಿ ಮಾತ್ರ ನೋಡು ಅಂದಳು.

ನಾಲ್ಕು ದಿನ ಕೂತು ದಾನವ್ವ ಹುಣಸೆ ಹೂವನ್ನು ಕಂಪ್ಯೂಟರಿಗೆ ಇಳಿಸಿದಳು. ಕಂಪ್ಯೂಟರು ಒಮ್ಮೆಯೂ ಬಂದ್ ಆಗಲಿಲ್ಲ. ಕಾರ ಹುಣ್ಣಿಮೆಗೆ ಒಂದು ದಿನ ಮೊದಲೇ ನಮೂನೆ ಬಾಡಗಿಯ ಕೈಗೆ ಹೋಯಿತು. ವಾರ ಕಳೆದ ಮೇಲೆ, ಮೊದಲ ಸೀರೆ ಮಗ್ಗದ ಮೇಲೆ ಬಂದಿದೆ, ನೋಡಲು ಬಾ ಅಂತ ಹೇಳಿ ಕಳಿಸಿದರು.

ದಾನವ್ವ ತಲೆ ಬಾಚಿಕೊಂಡು ಹೊರಟಳು. ಕಂಪ್ಯೂಟರಿನಲ್ಲಿ ಇನ್ನೊಂದು ನಮೂನೆ ತೆರೆದೇ ಇತ್ತು, ಒಂದು ತಾಸಿನಲ್ಲಿ ಬರುತ್ತೇನಲ್ಲ ಅಂತ ಹಾಗೇ ಬಿಟ್ಟಳು. ಮಗನನ್ನು ಕರೆದು ಹೇಳಿದಳು.

"ಫ್ಯಾನಿನ ಕಡೆ ಲಕ್ಷ್ಯ ಇರಲಿ. ಅದ ನಿಂತು ಹೋದರ ಕಂಪ್ಯೂಟರ್ ಕಾಯ್ದು ಹಾಳಾಗತೈತಿ."

ಗುರುಪಾದ ಡಬ್ಬಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ಲಕ್ಷ್ಯ ಇಟ್ಟ. ಯಾರೂ ಬರೆಯದೆ ಇದ್ದದ್ದಕ್ಕೆ ಕಂಪ್ಯೂಟರು ತಣ್ಣಗಾಗುತ್ತ ಬಂತು. ಅತ್ತಾರ ಹೊಂದಿಸಿದ ಪ್ರಕಾರ ಫ್ಯಾನು ಮೆಲ್ಲಗಾಯಿತು, ಇನ್ನೂ ಮೆಲ್ಲಗಾಯಿತು, ನಿಂತಿತು.

ಗುರುಪಾದ ಗಾಬರಿಯಾಗಿ ಬಗ್ಗಿದ. ಊದಿದ, ಒಂದು ಸುತ್ತು ತಿರುಗಿ ನಿಂತಿತು. ಏನು ಮಾಡಲಿ, ಅವ್ವ ಇಲ್ಲ, ಅತ್ತಾರ ಇಲ್ಲ. ತಲೆ ಹಿಡಿದುಕೊಂಡು ಯೋಚಿಸಿದ. ಜೀವಮಾನದಲ್ಲಿ ಅಷ್ಟು ಯೋಚನೆ ಅವನು ಯಾವತ್ತೂ ಮಾಡಿರಲಿಲ್ಲ. ಆಗ ಅತ್ತಾರನ ಮಾತು ನೆನಪಾಯಿತು. ಬಿಸಿ ಏರಿದಂಗ ಗಾಳಿ ಏರಬೇಕು.

ಮಗ್ಗದ ಮನೆಯಲ್ಲಿ ದಾನವ್ವ ಸೀರೆಯ ಮುಂದೆ ನಿಂತಿದ್ದಳು. ಕೆಂಪು ಒಡಲು, ಹಸಿರು ದಡಿ, ದಡಿಯ ತುಂಬ ಹುಣಸೆ ಹೂವು. ಬೆರಳಿನಿಂದ ಮುಟ್ಟಿ ನೋಡಿದಳು. ಕಣ್ಣು ತುಂಬಿದವು. ಬಾಡಗಿಯ ಹೆಂಡತಿ ಮೊದಲ ಸೀರೆ ನಿನಗೇ ಅಂದಳು. ಉಡಿ ತುಂಬಿದ ಹಾಗೆ ಮನಸ್ಸು ತುಂಬಿಕೊಂಡು ದಾನವ್ವ ಮನೆಯ ಕಡೆ ನಡೆದಳು.

ಹೊಸ್ತಿಲು ದಾಟಿದರೆ ಕೋಣೆಯಿಂದ ಝಳ ಬಡಿಯಿತು. ಹೊಗೆ ತುಂಬಿತ್ತು. ಕಂಪ್ಯೂಟರಿನ ಮುಂದೆ ಇದ್ದಿಲಿನ ಸಿಗಡಿ ಒಲೆ ನಿಗಿನಿಗಿ ಉರಿಯುತ್ತಿತ್ತು. ಗುರುಪಾದ ಬೆವರಿನಲ್ಲಿ ತೊಯ್ದು ಬೀಸಣಿಕೆಯಿಂದ ಕೆಂಡಕ್ಕೆ ಗಾಳಿ ಹಾಕುತ್ತಿದ್ದ. ಎರಡೂ ಫ್ಯಾನು ಹುಚ್ಚು ಹಿಡಿದ ಹಾಗೆ ತಿರುಗುತ್ತಿದ್ದವು.

"ಫ್ಯಾನ್ ನಿಂತಿತ್ತವ್ವಾ," ಅಂದ. "ಬಿಸಿ ಮಾಡೀನಿ. ಈಗ ನಿಂದ್ರಂಗಿಲ್ಲ."

ದಾನವ್ವ ಒಳಗೆ ನುಗ್ಗಿದಳು. ಸೆರಗು ಸುತ್ತಿ ಸಿಗಡಿಯನ್ನು ಹಿಡಿದು ಹಿತ್ತಲಿಗೆ ಒಯ್ದಿಟ್ಟು ಬಂದಳು. ಕಿಟಕಿ ತೆರೆದಳು. ಕಂಪ್ಯೂಟರು ಹಾಳಾಗಿರಲಿಲ್ಲ, ಅತ್ತಾರ ಒಳ್ಳೆಯ ಫ್ಯಾನೇ ಕೊಟ್ಟಿದ್ದ. ಹೊಗೆ ಹೋಯಿತು, ಝಳ ಇಳಿಯಿತು. ಫ್ಯಾನು ಮೆಲ್ಲಗಾಯಿತು, ಇನ್ನೂ ಮೆಲ್ಲಗಾಯಿತು, ನಿಂತಿತು. ಗುರುಪಾದ ಗಾಬರಿಯಿಂದ ಹಿತ್ತಲ ಕಡೆ ಎದ್ದ. ದಾನವ್ವ ಅವನ ಅಂಗಿ ಹಿಡಿದು ಕೂಡಿಸಿದಳು. ಬೈಯಲು ಅವತ್ತು ಅವಳಲ್ಲಿ ಸಿಟ್ಟೇ ಇರಲಿಲ್ಲ. ಮಗನ ತಲೆಯ ಮೇಲಿನ ಬೂದಿ ಒರೆಸಿ, ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು.

"ಅದಕ್ಕೇನೂ ಆಗಿಲ್ಲೋ. ದಣದೈತಿ, ಮಲಗೈತಿ. ಮಲಗಲಿ ಬಿಡು."

ಗುರುಪಾದನ ಮುಖ ಹಗುರಾಯಿತು. ದಾನವ್ವ ಚಹಾ ಮಾಡಲು ಒಳಗೆ ಹೋದಳು. ಒಂದು ಕಪ್ಪು ತನಗೆ, ಒಂದು ಮಗನಿಗೆ. ಮಗ್ಗದ ಮೇಲಿನ ಸೀರೆ ಹೇಗಿತ್ತು ಅಂತ ಅವನಿಗೆ ಹೇಳಬೇಕು ಅಂದುಕೊಳ್ಳುತ್ತ ಚಹಾ ಸೋಸಿಕೊಂಡು ಬಂದಳು.

ಮೇಜಿನ ಬಳಿ ಡಬ್ಬಿ ಇರಲಿಲ್ಲ. ನೆಲದ ಮೇಲೆ ಚಾಪೆ ಹಾಸಿತ್ತು. ಚಾಪೆಯ ಮೇಲೆ ಕಂಪ್ಯೂಟರು ಹಚ್ಚಿದ ವಯರು ಸಮೇತ ಅಂಗಾತ ಮಲಗಿತ್ತು. ತಲೆಗೆ ದಿಂಬು ಇತ್ತು. ಮೈತುಂಬ ದಪ್ಪನೆಯ ಕೌದಿ ಹೊದಿಸಿ ಸುತ್ತಲೂ ಒತ್ತಿ ಮುಚ್ಚಿತ್ತು. ಗುರುಪಾದ ಪಕ್ಕದಲ್ಲಿ ಕೂತು ಕೌದಿಯ ಮೇಲೆ ಮೆತ್ತಗೆ ತಟ್ಟುತ್ತಿದ್ದ.

ದಾನವ್ವ ಕಪ್ಪು ಹಿಡಿದುಕೊಂಡು ನಿಂತೇ ಇದ್ದಳು. ಕೌದಿಯೊಳಗೆ ಸೆಕೆ ಏರಿರಬೇಕು. ಮೆಲ್ಲಗೆ ಗುಂಯ್ ಅಂತ ಶುರುವಾಯಿತು, ಆಮೇಲೆ ಜೋರಾಯಿತು, ಆಮೇಲೆ ಇನ್ನೂ ಜೋರಾಯಿತು.

ಗುರುಪಾದ ತುಟಿಯ ಮೇಲೆ ಬೆರಳಿಟ್ಟು ಅವ್ವನ ಕಡೆ ನೋಡಿದ.

"ಮೆತ್ತಗ ಬಾರವ್ವಾ," ಅಂದ. "ಗೊರಕಿ ಹೊಡ್ಯಾಕ ಹತ್ತೈತಿ."